ದಂಡೆಯಿಂದ ನೀರಿಗೆ ಮೂರಡಿ: ಗಾಲಿಕುರ್ಚಿಯಲ್ಲಿ ಹೋಗುವವರು ಕ್ರೂಸ್ ಹಡಗಿನ ಈಜುಕೊಳಕ್ಕೆ ಇಳಿಯುವ ಬಗೆ

ಕ್ರೂಸ್ ಹಡಗಿನ ಬ್ರೋಷರಿನಲ್ಲಿ ಈಜುಕೊಳದ ಪಕ್ಕ ಗಾಲಿಕುರ್ಚಿಯ ನೀಲಿ ಗುರುತನ್ನು ಕಂಡೊಡನೆ ನೀರಿಗಿಳಿಯಬಹುದೆಂದು ನಂಬಿ ಹಣ ಕಟ್ಟಬಾರದು. ಆ ಗುರುತಿಗೆ ಮೂರು ಅರ್ಥಗಳಿರಬಹುದು. ಕೊಳವಿರುವ ಡೆಕ್ಕಿನವರೆಗೆ ಲಿಫ್ಟಿನಲ್ಲಿ ಹೋಗಬಹುದು ಎಂಬುದು ಒಂದು. ಕೊಳದ ಸುತ್ತ ಗಾಲಿಕುರ್ಚಿ ಓಡಾಡುವಷ್ಟು ಜಾಗವಿದೆ ಎಂಬುದು ಇನ್ನೊಂದು. ಗಾಲಿಕುರ್ಚಿಯಲ್ಲಿ ಬಂದವರು ನೀರಿಗೆ ಇಳಿದು ಮತ್ತೆ ಮೇಲೆ ಬರುವ ಏರ್ಪಾಡಿದೆ ಎಂಬುದು ಮೂರನೆಯದು. ನಮಗೆ ಬೇಕಾದದ್ದು ಮೂರನೆಯದು. ಆದರೆ ಟಿಕೆಟ್ ಮಾರುವವರ ಬಾಯಲ್ಲಿ ಬರುವುದು ಹೆಚ್ಚಾಗಿ ಮೊದಲಿನ ಎರಡೇ.

ಈ ವ್ಯತ್ಯಾಸ ನನಗೆ ತಿಳಿದದ್ದು ಅಮ್ಮನನ್ನು ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಗಳ ಪ್ರಯಾಣಕ್ಕೆ ಕರೆದುಕೊಂಡು ಹೋದಾಗ. ಲಕ್ವ ಹೊಡೆದ ಮೇಲೆ ಅಮ್ಮನ ಎಡಗೈ, ಎಡಗಾಲು ಮೊದಲಿನಂತಾಗಲಿಲ್ಲ. ಆದರೆ ತುಂಗಾ ನದಿಯಲ್ಲಿ ಈಜಿ ಬೆಳೆದವರಾದ್ದರಿಂದ ನೀರಿಗಿಳಿಯುವ ಆಸೆ ಹೋಗಿರಲಿಲ್ಲ. ಬುಕ್ಕಿಂಗ್ ಮಾಡಿಕೊಟ್ಟವರನ್ನು ನಾನು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಪೂಲ್ ಹತ್ತಿರ ಲಿಫ್ಟ್ ಇದೆಯಾ?" ಅವರ ಉತ್ತರವೂ ಚುಟುಕಾಗಿತ್ತು: "ಇದೆ ಮೇಡಂ, ಪಕ್ಕದಲ್ಲೇ ನಾಲ್ಕು ಲಿಫ್ಟ್ ಇವೆ." ಅವರು ಹೇಳಿದ್ದು ಮಹಡಿ ಹತ್ತಿಸುವ ಲಿಫ್ಟಿನ ವಿಷಯವೆಂದು ಗೊತ್ತಾದದ್ದು ಹಡಗು ಹತ್ತಿದ ಮಧ್ಯಾಹ್ನ. ಕೊಳದ ಅಂಚು ಡೆಕ್ಕಿಗಿಂತ ಎರಡು ಮೆಟ್ಟಿಲಷ್ಟು ಎತ್ತರದಲ್ಲಿತ್ತು, ಒಳಗಿಳಿಯಲು ಉಕ್ಕಿನ ಏಣಿ ಇತ್ತು. ನೀರಿಗಿಳಿಸುವ ಯಂತ್ರವೂ ಒಂದು ಮೂಲೆಯಲ್ಲಿ ನೀಲಿ ಟಾರ್ಪಾಲಿನ ಮುಸುಕಿನೊಳಗೆ ಇದ್ದೇ ಇತ್ತು. ಅದರ ಬ್ಯಾಟರಿ ಮಾತ್ರ ಸತ್ತುಹೋಗಿತ್ತು. ಅಮ್ಮ ನೀರು ಮುಟ್ಟಿದ್ದು ಮೂರನೆಯ ದಿನ.

ಈ ಗೊಂದಲ ಬಾರದಿರಲೆಂದು ಮಹಡಿಯಿಂದ ಮಹಡಿಗೆ ಒಯ್ಯುವುದನ್ನು ಇಲ್ಲಿ ಲಿಫ್ಟ್ ಎಂದೂ, ಮನುಷ್ಯರನ್ನು ಕೂರಿಸಿ ನೀರಿಗಿಳಿಸುವ ಕುರ್ಚಿಯಂತ್ರವನ್ನು ಪೂಲ್ ಲಿಫ್ಟ್ ಎಂದೂ ಕರೆಯುತ್ತೇನೆ. ನೀವು ಕಂಪನಿಗೆ ಬರೆಯುವಾಗಲೂ ಈ ಎರಡನ್ನು ಬೇರೆಬೇರೆಯಾಗಿಯೇ ಬರೆಯಬೇಕು.

ಮೊದಲ ಹೆಜ್ಜೆ: ನಿಮ್ಮ ಅಗತ್ಯವನ್ನು ಅಳತೆಯಲ್ಲಿ ಬರೆದಿಟ್ಟುಕೊಳ್ಳಿ

"ಅಮ್ಮನಿಗೆ ನಡೆಯಲು ಕಷ್ಟ" ಎಂಬ ಮಾತಿನಿಂದ ಹಡಗಿನವರಿಗೆ ಏನೂ ತಿಳಿಯುವುದಿಲ್ಲ. ಒಂದು ಹಾಳೆಯಲ್ಲಿ ಖಚಿತವಾದ ಸಂಗತಿಗಳನ್ನು ಬರೆಯಿರಿ: ಹಿಡಿದುಕೊಳ್ಳಲು ಕಂಬಿ ಇದ್ದರೆ ಎಷ್ಟು ಮೆಟ್ಟಿಲು ಹತ್ತಬಲ್ಲರು, ಮೆಟ್ಟಿಲು ಎಷ್ಟು ಎತ್ತರವಿದ್ದರೆ ಸಾಧ್ಯ, ಗಾಲಿಕುರ್ಚಿಯಿಂದ ಇನ್ನೊಂದು ಕುರ್ಚಿಗೆ ತಾವಾಗಿಯೇ ಜರುಗಬಲ್ಲರೇ ಅಥವಾ ಒಬ್ಬರ ಆಸರೆ ಬೇಕೇ, ಬೆನ್ನಿಗೆ ಆನಿಕೆಯಿಲ್ಲದೆ ಕೂರಬಲ್ಲರೇ, ಯಾವ ಪಕ್ಕದ ಕೈಕಾಲಿಗೆ ಬಲವಿದೆ, ದೇಹದ ತೂಕ ಎಷ್ಟು. ಗಾಲಿಕುರ್ಚಿಯ ಒಟ್ಟು ಅಗಲವನ್ನು ಆಸನದಲ್ಲಿ ಅಳೆಯದೆ, ಹೊರಗಿನ ಕೈಚಕ್ರದಿಂದ ಕೈಚಕ್ರದವರೆಗೆ ಅಳೆಯಿರಿ.

ತೂಕ ಬರೆಯಲು ಸಂಕೋಚಪಡುವವರಿದ್ದಾರೆ. ಪೂಲ್ ಲಿಫ್ಟಿಗೆ ಒಂದು ಗರಿಷ್ಠ ಭಾರವಿರುತ್ತದೆ, ಅದನ್ನು ಮೀರಿದರೆ ಸಿಬ್ಬಂದಿ ಕೂರಿಸುವುದಿಲ್ಲ. ಆ ಮಾತನ್ನು ಕೊಳದ ಸುತ್ತ ನೂರು ಜನ ನೋಡುತ್ತಿರುವಾಗ ಕೇಳುವುದಕ್ಕಿಂತ ಮನೆಯಲ್ಲಿ ಕುಳಿತು ಬರೆಯುವುದು ಸುಲಭ.

ಎರಡನೆಯ ಹೆಜ್ಜೆ: ನೀರಿಗಿಳಿಯುವ ದಾರಿಗಳನ್ನು ಗುರುತಿಸಲು ಕಲಿಯಿರಿ

ಅಳತೆಗೋಲಾಗಿ ಬಳಸಲು ಅಮೆರಿಕದ 2010ರ ಪ್ರವೇಶಸೌಲಭ್ಯ ಮಾನದಂಡಗಳು ಉಪಯುಕ್ತವಾಗಿವೆ. ಅವು ನೆಲದ ಮೇಲಿನ ಈಜುಕೊಳಗಳಿಗಾಗಿ ಬರೆದ ನಿಯಮಗಳಾದರೂ, ಹಡಗಿನಲ್ಲಿರುವುದನ್ನು ಹೋಲಿಸಿ ನೋಡಲು ಅವುಗಳಷ್ಟು ಸ್ಪಷ್ಟವಾದ ಅಂಕಿಗಳು ಬೇಕಾಗುತ್ತವೆ.

ಎಲ್ಲಕ್ಕಿಂತ ಒಳ್ಳೆಯದು ಇಳಿಜಾರು ಪ್ರವೇಶ. ಕಡಲತೀರದ ಹಾಗೆ ನೆಲವೇ ನಿಧಾನವಾಗಿ ನೀರಿನೊಳಗೆ ಇಳಿಯುತ್ತದೆ. 12 ಅಡಿ ಉದ್ದಕ್ಕೆ ಒಂದು ಅಡಿಗಿಂತ ಹೆಚ್ಚು ಇಳಿಯಬಾರದು, ಇಳಿಜಾರು ಮುಗಿಯುವಲ್ಲಿ 24ರಿಂದ 30 ಇಂಚು ಆಳವಿರಬೇಕು, ಕೈಕಂಬಿಗಳಿರಬೇಕು ಎಂಬುದು ಆ ಮಾನದಂಡ. ರಾಯಲ್ ಕೆರಿಬಿಯನ್ ಕಂಪನಿಯ ಓಯಸಿಸ್ ಆಫ್ ದ ಸೀಸ್ ಹಡಗು 2009ರಲ್ಲಿ ಸೇವೆಗೆ ಬಂದಾಗ ಅದರಲ್ಲಿ ಇಂಥ ಬೀಚ್ ಪೂಲ್ ಇತ್ತು. ವಾಕರ್ ಹಿಡಿದು ನಡೆಯುವವರಿಗೆ ಇದರಷ್ಟು ಹಿತವಾದದ್ದು ಬೇರೆ ಇಲ್ಲ. ಗಾಲಿಕುರ್ಚಿಯವರಿಗೆ ಮಾತ್ರ ಒಂದು ತೊಡಕಿದೆ: ನಿಮ್ಮ ಸ್ವಂತ ಕುರ್ಚಿಯನ್ನು ನೀರಿಗಿಳಿಸಿದರೆ ಬೇರಿಂಗು ಹಾಳಾಗುತ್ತದೆ, ಬ್ಯಾಟರಿ ಕುರ್ಚಿಯಂತೂ ನೀರಿನ ಹತ್ತಿರ ಹೋಗಲೇಬಾರದು. ಪ್ಲಾಸ್ಟಿಕ್ ಪೈಪಿನಿಂದ ಮಾಡಿದ, ನೀರಿಗೆಂದೇ ಇರುವ ಗಾಲಿಕುರ್ಚಿಯನ್ನು ಹಡಗಿನವರು ಕೊಡುತ್ತಾರೆಯೇ ಎಂದು ಕೇಳಬೇಕು. ಕೊಡದಿದ್ದರೆ ಆ ಸುಂದರವಾದ ಇಳಿಜಾರು ನಿಮಗೆ ನೋಡಲು ಮಾತ್ರ.

ಎರಡನೆಯದು ಪೂಲ್ ಲಿಫ್ಟ್. ಹಡಗುಗಳಲ್ಲಿ ನೀವು ಹೆಚ್ಚಾಗಿ ಕಾಣುವುದು ಇದನ್ನೇ. ಕೊಳದ ಅಂಚಿಗೆ ಬಿಗಿದ ಕಂಬ, ಅದರಿಂದ ಚಾಚಿದ ತೋಳು, ತೋಳಿನ ತುದಿಯಲ್ಲಿ ಪ್ಲಾಸ್ಟಿಕ್ ಆಸನ. ಆಸನ ಡೆಕ್ಕಿನ ಮೇಲಿರುವಾಗ 16ರಿಂದ 19 ಇಂಚು ಎತ್ತರದಲ್ಲಿ ನಿಲ್ಲಬೇಕು. ನಮ್ಮ ಊಟದ ಮೇಜಿನ ಕುರ್ಚಿಯೂ ಸುಮಾರು ಇಷ್ಟೇ ಎತ್ತರ. ಆಸನದ ಅಗಲ ಕನಿಷ್ಠ 16 ಇಂಚು, ಹೊರಬೇಕಾದ ಭಾರ ಕನಿಷ್ಠ 136 ಕಿಲೋ, ನೀರಿಗಿಳಿದಾಗ ಆಸನ ನೀರಿನ ಮಟ್ಟದಿಂದ ಕನಿಷ್ಠ 18 ಇಂಚು ಕೆಳಗೆ ಹೋಗಬೇಕು. ಈ ಕೊನೆಯ ಅಂಕಿಯನ್ನು ಹಗುರವಾಗಿ ಕಾಣಬೇಡಿ. ಆಸನ ಅಷ್ಟು ಆಳಕ್ಕೆ ಇಳಿಯದಿದ್ದರೆ ಕುಳಿತವರು ತೊಡೆ ಮುಳುಗುವಷ್ಟು ನೀರಿನಲ್ಲೇ ಉಳಿದುಬಿಡುತ್ತಾರೆ, ತೇಲಿ ಹೊರಬರಲಾಗದೆ ಜಾರಬೇಕಾಗುತ್ತದೆ. ಇನ್ನೊಂದು ನಿಯಮ, ಡೆಕ್ಕಿನ ಮೇಲಿಂದಲೂ ನೀರಿನೊಳಗಿನಿಂದಲೂ ಬಳಸುವವರೇ ಅದನ್ನು ನಡೆಸುವಂತಿರಬೇಕು ಎಂಬುದು. ಹಡಗಿನಲ್ಲಿ ಸಾಮಾನ್ಯವಾಗಿ ಸಿಬ್ಬಂದಿಯೇ ಅದನ್ನು ತಂದು, ಬ್ಯಾಟರಿ ಜೋಡಿಸಿ, ಗುಂಡಿ ಒತ್ತಬೇಕಾಗುತ್ತದೆ. ಹಾಗಾಗಿ ಅವರ ಬಿಡುವಿಗೆ ನಿಮ್ಮ ಈಜು ಹೊಂದಿಕೊಳ್ಳಬೇಕಾಗುತ್ತದೆ.

ಮೂರನೆಯದು ಕುಳಿತು ಜರುಗುವ ಏರ್ಪಾಡು. ಕೊಳದ ಅಂಚನ್ನು 16ರಿಂದ 19 ಇಂಚಿನ ಕಟ್ಟೆಯಂತೆ ಎತ್ತರಿಸಿದ್ದರೆ ಗಾಲಿಕುರ್ಚಿಯಿಂದ ನೇರವಾಗಿ ಆ ಕಟ್ಟೆಗೆ ಜರುಗಿ, ಕಾಲನ್ನು ಒಳಗೆ ಹಾಕಿ ಇಳಿಯಬಹುದು. ಕೆಲವೆಡೆ ಕಟ್ಟೆಯ ಒಳಗೆ 8 ಇಂಚು ಎತ್ತರ ಮೀರದ, ಅಗಲವಾದ ಮೆಟ್ಟಿಲುಗಳಿರುತ್ತವೆ, ಅವುಗಳ ಮೇಲೆ ಕೂತುಕೊಂಡೇ ಒಂದೊಂದಾಗಿ ಇಳಿಯುವುದು. ತೋಳುಗಳಲ್ಲಿ ಬಲವಿರುವ, ಪೋಲಿಯೊದಿಂದ ಅಥವಾ ಅಪಘಾತದಿಂದ ಕಾಲಿನ ಬಲ ಕಳೆದುಕೊಂಡವರಿಗೆ ಇದು ಪೂಲ್ ಲಿಫ್ಟಿಗಿಂತಲೂ ಒಳ್ಳೆಯದು, ಏಕೆಂದರೆ ಯಾರನ್ನೂ ಕಾಯಬೇಕಾಗಿಲ್ಲ. ಒಂದು ಪಕ್ಕ ಸೋತವರಿಗೆ ಇದು ಆಗದು.

ಕೈಕಂಬಿಯಿರುವ ಸಾಮಾನ್ಯ ಮೆಟ್ಟಿಲು ಮಂಡಿನೋವಿನವರಿಗೆ ಸಾಕಾದೀತು. ನೇರವಾದ ಏಣಿ ಮಾತ್ರ ಇದ್ದರೆ ಆ ಕೊಳವನ್ನು ಪಟ್ಟಿಯಿಂದ ಹೊಡೆದುಹಾಕಿ.

ಮೂರನೆಯ ಹೆಜ್ಜೆ: ಹಡಗನ್ನು ಆರಿಸುವಾಗ ಕಂಪನಿಯ ಹೆಸರಿಗಿಂತ ಹಡಗಿನ ವಯಸ್ಸು ನೋಡಿ

ಒಂದೇ ಕಂಪನಿಯ ಎರಡು ಹಡಗುಗಳ ನಡುವೆ ಮೂವತ್ತು ವರ್ಷಗಳ ಅಂತರವಿರಬಹುದು. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಸಾಗುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು 1990ರಲ್ಲಿ ಸೇವೆಗೆ ಬಂದು, ಹಿಂದೆ ರಾಯಲ್ ಕೆರಿಬಿಯನ್ನಿನಲ್ಲಿದ್ದದ್ದು. ಸಿಂಗಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್ 2016ರದ್ದು. ಹಳೆಯದಾದ ಮಾತ್ರಕ್ಕೆ ಕೆಟ್ಟದ್ದೆಂದಲ್ಲ, ನಡುವೆ ನವೀಕರಿಸಿರುತ್ತಾರೆ. ಆದರೆ ಅಮೆರಿಕದ ಅಂಗವೈಕಲ್ಯ ಕಾಯ್ದೆ ಅಂಗೀಕಾರವಾದದ್ದೇ 1990ರಲ್ಲಿ ಎಂಬುದನ್ನು ನೆನೆದರೆ, ಅದಕ್ಕೂ ಮೊದಲು ನಕ್ಷೆ ಸಿದ್ಧವಾದ ಹಡಗುಗಳ ಬಗ್ಗೆ ಒಂದೆರಡು ಪ್ರಶ್ನೆ ಹೆಚ್ಚಾಗಿಯೇ ಕೇಳಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದು ನೀವು ಎಲ್ಲಿ ಹಡಗು ಹತ್ತುತ್ತೀರಿ ಎಂಬುದನ್ನು ಅವಲಂಬಿಸಿದೆ. ಕ್ರೂಸ್ ಹಡಗುಗಳಲ್ಲಿ ಬಹಳಷ್ಟು ಬಹಾಮಾಸ್, ಪನಾಮಾ, ಮಾಲ್ಟಾ ದೇಶಗಳ ಬಾವುಟ ಹಾರಿಸುತ್ತವೆ. ಬಾವುಟ ಬೇರೆ ದೇಶದ್ದಾದ್ದರಿಂದ ಅಮೆರಿಕದ ಕಾಯ್ದೆ ತಮಗೆ ಅನ್ವಯಿಸದು ಎಂಬ ವಾದ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹ್ಯೂಸ್ಟನ್ನಿನಿಂದ ಹೊರಟಿದ್ದ ನಾರ್ವೇಜಿಯನ್ ಕ್ರೂಸ್ ಲೈನಿನ ಪ್ರಯಾಣಿಕರು ಹೂಡಿದ್ದ ಆ ಮೊಕದ್ದಮೆಯಲ್ಲಿ, ಅಮೆರಿಕದ ನೀರಿನಲ್ಲಿರುವ ವಿದೇಶಿ ಬಾವುಟದ ಹಡಗುಗಳಿಗೂ ಕಾಯ್ದೆ ಅನ್ವಯಿಸುತ್ತದೆ ಎಂದು 2005ರ ಜೂನ್‌ನಲ್ಲಿ ತೀರ್ಪು ಬಂತು. ಆದರೆ ಹಡಗಿನ ಸುರಕ್ಷತೆಗೆ ಅಡ್ಡಿಯಾಗುವ, ಅಂತರರಾಷ್ಟ್ರೀಯ ಸುರಕ್ಷತಾ ನಿಯಮಗಳಿಗೆ ವಿರುದ್ಧವಾಗುವ ಮಾರ್ಪಾಡುಗಳನ್ನು ಮಾಡಬೇಕಾಗಿಲ್ಲ ಎಂಬ ಮಿತಿಯೂ ಅದರಲ್ಲಿದೆ. ಪ್ರಯಾಣಿಕ ಹಡಗುಗಳಿಗೆಂದೇ ಪ್ರತ್ಯೇಕ ಅಳತೆಗಳ ಕರಡನ್ನು ಇಂಥ ಅಳತೆಗಳನ್ನು ರೂಪಿಸುವ ಅಲ್ಲಿನ ಸರ್ಕಾರಿ ಸಂಸ್ಥೆ ಆಕ್ಸೆಸ್ ಬೋರ್ಡ್ 2013ರಲ್ಲಿ ಪ್ರಕಟಿಸಿತು. ಅದು ಕಡ್ಡಾಯ ನಿಯಮವಾಗಿಲ್ಲ. ಹಾಗಾಗಿ "ನಿಮ್ಮ ಪೂಲ್ ಲಿಫ್ಟ್ ಕಾನೂನಿನಂತೆ ಇದೆಯೇ" ಎಂದು ಕೇಳುವುದರಿಂದ ಪ್ರಯೋಜನ ಕಡಿಮೆ, "ಆಸನ ಎಷ್ಟು ಇಂಚು ಎತ್ತರದಲ್ಲಿದೆ" ಎಂದು ಕೇಳುವುದೇ ಸರಿ.

ಯೂರೋಪಿನಲ್ಲಿ ಹಡಗು ಹತ್ತುವವರಿಗೆ 1177/2010 ಎಂಬ ನಿಯಮಾವಳಿಯ ರಕ್ಷಣೆಯಿದೆ. 2012ರ ಡಿಸೆಂಬರಿನಿಂದ ಜಾರಿಯಲ್ಲಿರುವ ಇದರ ಪ್ರಕಾರ, ಹೆಚ್ಚಿನ ನೆರವು ಬೇಕಾದವರು ಕನಿಷ್ಠ ಎರಡು ಕೆಲಸದ ದಿನಗಳ ಮೊದಲು ತಿಳಿಸಬೇಕು. ಕ್ಯಾಬಿನ್ ಅಥವಾ ವೈದ್ಯಕೀಯ ಸಲಕರಣೆಗೆ ಸಂಬಂಧಿಸಿದ ಅಗತ್ಯಗಳನ್ನು ಬುಕ್ಕಿಂಗ್ ಸಮಯದಲ್ಲೇ ಹೇಳಬೇಕು. ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸಾರಿಗೆ ಮತ್ತು ಸಾರ್ವಜನಿಕ ಸೌಲಭ್ಯಗಳು ಎಲ್ಲರಿಗೂ ಎಟುಕುವಂತಿರಬೇಕೆಂದು ಹೇಳುತ್ತದೆ. ಪತ್ರ ಬರೆಯುವಾಗ ಅದನ್ನು ಉಲ್ಲೇಖಿಸಿ, ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿನ ಪ್ರತಿಯನ್ನೂ ಜೊತೆಗಿಡಿ.

ನಾಲ್ಕನೆಯ ಹೆಜ್ಜೆ: ಹಣ ಕಟ್ಟುವ ಮೊದಲು ಪತ್ರ, ಫೋನಲ್ಲ

ಬುಕ್ಕಿಂಗ್ ಏಜೆಂಟರನ್ನು ಬಿಟ್ಟು ಕಂಪನಿಯ ವಿಶೇಷ ಅಗತ್ಯಗಳ ವಿಭಾಗಕ್ಕೇ ಇಮೇಲ್ ಕಳುಹಿಸಿ. ದೊಡ್ಡ ಕಂಪನಿಗಳೆಲ್ಲವೂ ಇಂಥ ವಿಭಾಗವನ್ನು, ತುಂಬಿ ಕಳುಹಿಸಲು ಒಂದು ನಮೂನೆಯನ್ನು ಇಟ್ಟುಕೊಂಡಿವೆ. ಪತ್ರದಲ್ಲಿ ಹಡಗಿನ ಹೆಸರು, ಹೊರಡುವ ದಿನಾಂಕ ಮೊದಲ ಸಾಲಿನಲ್ಲೇ ಇರಲಿ, ಇಲ್ಲವಾದರೆ ಇಡೀ ಕಂಪನಿಗೆ ಅನ್ವಯಿಸುವ ಸಿದ್ಧ ಉತ್ತರ ಬರುತ್ತದೆ.

ಅನಂತರ ಪ್ರಶ್ನೆಗಳು. ಹಡಗಿನ ಯಾವ ಕೊಳಕ್ಕೆ ಪೂಲ್ ಲಿಫ್ಟ್ ಅಥವಾ ಇಳಿಜಾರು ಇದೆ, ಆ ಕೊಳ ವಯಸ್ಕರಿಗೆ ಮಾತ್ರವೇ, ಸ್ಪಾ ಟಿಕೆಟ್ ಕೊಂಡವರಿಗೆ ಮಾತ್ರವೇ ಎಂದು ಕೇಳಿ. ಡೆಕ್ಕಿನಿಂದ ಕೊಳದ ಅಂಚಿನವರೆಗೆ ಮೆಟ್ಟಿಲಿದೆಯೇ ಎಂಬುದನ್ನು ಪ್ರತ್ಯೇಕವಾಗಿ ಕೇಳಿ. ಹಡಗು ಹೊರಳಿದಾಗ ನೀರು ತುಳುಕದಿರಲೆಂದು ಅಂಚನ್ನು ಎತ್ತರಿಸಿರುವುದು ಸಾಮಾನ್ಯ, ಪೂಲ್ ಲಿಫ್ಟ್ ಆ ಎತ್ತರದ ಮೇಲೆ ಇದ್ದರೆ ಅದು ಇದ್ದೂ ಇಲ್ಲದಂತೆ. ಪೂಲ್ ಲಿಫ್ಟ್ ಖಾಯಂ ಆಗಿ ಬಿಗಿದದ್ದೋ, ಕೇಳಿದಾಗ ತರುವಂಥದ್ದೋ, ಎಷ್ಟು ಭಾರ ಹೊರುತ್ತದೆ, ಗಾಲಿಕುರ್ಚಿ ಅದರ ಯಾವ ಪಕ್ಕದಲ್ಲಿ ನಿಲ್ಲಬೇಕು, ದಿನದ ಯಾವ ಹೊತ್ತಿನಲ್ಲಿ ಅದನ್ನು ನಡೆಸುವ ಸಿಬ್ಬಂದಿ ಇರುತ್ತಾರೆ, ಹೊರಡುವ ಬಂದರಿನಲ್ಲಿ ಅದನ್ನು ಪರೀಕ್ಷಿಸಿ ಇಡುವಂತೆ ಹಡಗಿಗೆ ತಿಳಿಸುತ್ತೀರಾ ಎಂಬ ಐದು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ. ಕೊಳದ ಅಂಚಿನ ಒಂದು ಫೋಟೊ ಕಳುಹಿಸಲು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಎರಡನೆಯ ಸಲ ಹೊರಟಾಗ ನನಗೆ ಹತ್ತು ಸಾಲಿನ ವಿವರಣೆಗಿಂತ ಹೆಚ್ಚು ತಿಳಿಸಿದ್ದು ಅಂಥ ಒಂದು ಮಬ್ಬು ಫೋಟೊ.

ಬಂದ ಉತ್ತರದ ಎರಡು ಪ್ರತಿಗಳನ್ನು ಮುದ್ರಿಸಿ ಕೈಚೀಲದಲ್ಲಿಡಿ. ನಡುಗಡಲಿನಲ್ಲಿ ಇಂಟರ್ನೆಟ್ಟಿಗೆ ಬೇರೆ ಹಣ ಕೊಡಬೇಕಾಗುತ್ತದೆ.

ಐದನೆಯ ಹೆಜ್ಜೆ: ಜೊತೆಗಾರರು ಮತ್ತು ಕ್ಯಾಬಿನ್

ಬಹುತೇಕ ಕಂಪನಿಗಳ ನಿಯಮದಂತೆ ಸಿಬ್ಬಂದಿ ಪ್ರಯಾಣಿಕರನ್ನು ಎತ್ತಿ ಕೂರಿಸುವಂತಿಲ್ಲ. ಪೂಲ್ ಲಿಫ್ಟಿನ ಗುಂಡಿ ಒತ್ತುವುದು, ದಾರಿ ಬಿಡಿಸುವುದು, ಟವೆಲ್ ತಂದುಕೊಡುವುದು ಅವರ ಕೆಲಸ. ಗಾಲಿಕುರ್ಚಿಯಿಂದ ಆಸನಕ್ಕೆ ಜರುಗಿಸುವುದು ನಿಮ್ಮ ಜೊತೆಗಾರರ ಕೆಲಸ. ನಮ್ಮಲ್ಲಿ ನಾಲ್ಕು ಜನ ಬಂದು ಕುರ್ಚಿಸಮೇತ ಎತ್ತಿಬಿಡುವ ರೂಢಿಯಿರುವುದರಿಂದ, ಅಲ್ಲಿಯೂ ಯಾರಾದರೂ ಕೈ ಹಾಕುತ್ತಾರೆಂಬ ನಿರೀಕ್ಷೆಯಲ್ಲಿ ಹೋಗಬೇಡಿ. ಜರುಗಲು ಇಬ್ಬರ ಆಸರೆ ಬೇಕಾದವರ ಜೊತೆ ಇಬ್ಬರಾದರೂ ಹೋಗಬೇಕು, ಅವರಲ್ಲಿ ಒಬ್ಬರಿಗಾದರೂ ಈಜು ಬರಬೇಕು. ಹಲವು ಹಡಗುಗಳ ಕೊಳಗಳಲ್ಲಿ ಜೀವರಕ್ಷಕರು ಇರುವುದಿಲ್ಲ.

ಗಾಲಿಕುರ್ಚಿಗೆ ಹೊಂದುವ ಕ್ಯಾಬಿನ್ನುಗಳು ಪ್ರತಿ ಹಡಗಿನಲ್ಲೂ ಬೆರಳೆಣಿಕೆಯಷ್ಟೇ ಇರುತ್ತವೆ, ಬೇಗ ಮುಗಿಯುತ್ತವೆ. ಈಜಿನ ದೃಷ್ಟಿಯಿಂದ ಅಲ್ಲಿ ನೋಡಬೇಕಾದದ್ದು ಒಂದೇ, ಹೊಸ್ತಿಲಿಲ್ಲದ ಸ್ನಾನದ ಜಾಗ ಮತ್ತು ಅದರಲ್ಲಿ ಕೂರುವ ಆಸನ; ಒದ್ದೆ ಮೈಯಲ್ಲಿ ಬಂದವರನ್ನು ತೊಳೆದು ಒಣಗಿಸಲು ಅದು ಬೇಕು.

ಆರನೆಯ ಹೆಜ್ಜೆ: ಮನೆಯಲ್ಲೇ ತಾಲೀಮು

ಒಣ ಮೈಯಲ್ಲಿ ಸಲೀಸಾಗಿ ಜರುಗುವವರು ಒದ್ದೆ ಮೈಯಲ್ಲಿ ತೊಡೆ ಆಸನಕ್ಕೆ ಅಂಟಿಕೊಂಡು ಮಧ್ಯದಲ್ಲೇ ಸಿಕ್ಕಿಬೀಳುತ್ತಾರೆ. ಆದ್ದರಿಂದ ಬಚ್ಚಲುಮನೆಯಲ್ಲಿ, ಗೋಡೆಗೆ ಒರಗಿಸಿದ 18 ಇಂಚು ಎತ್ತರದ ಗಟ್ಟಿ ಕುರ್ಚಿಯಿಟ್ಟು, ಮೈ ನೆನೆಸಿಕೊಂಡು ನಾಲ್ಕೈದು ಸಲ ಅಭ್ಯಾಸ ಮಾಡಿ. ಆಸನದ ಮೇಲೆ ಟವೆಲ್ ಹಾಸಿದರೆ ಜರುಗುವುದು ಸುಲಭ. ಒಂದು ಪಕ್ಕ ಸೋತವರು ಬಲವಿರುವ ಪಕ್ಕದ ಕಡೆಗೇ ಜರುಗಬೇಕೆಂದು ಫಿಸಿಯೊಥೆರಪಿಸ್ಟರು ಹೇಳಿಕೊಡುತ್ತಾರೆ. ಅಮ್ಮನಿಗೆ ಬಲವಿದ್ದದ್ದು ಬಲಗಡೆ. ಆಸನಕ್ಕೆ ಹೋಗುವಾಗ ಅದು ಅವರ ಬಲಕ್ಕಿರುವಂತೆ ಗಾಲಿಕುರ್ಚಿ ನಿಲ್ಲಿಸಿದೆವು, ಚೆನ್ನಾಗಿ ಜರುಗಿದರು. ನೀರಿನಿಂದ ಮೇಲೆ ಬಂದಾಗ ಗಾಲಿಕುರ್ಚಿ ಅದೇ ಜಾಗದಲ್ಲಿದ್ದುದರಿಂದ ಈಗ ಅದು ಅವರ ಎಡಕ್ಕೆ ಬಂದಿತ್ತು. ನೀರು ಸುರಿಯುವ ಮೈಯಲ್ಲಿ ಅವರನ್ನು ಅಲ್ಲೇ ಕೂರಿಸಿಕೊಂಡು, ಇನ್ನೊಂದು ಬದಿಯಿಂದ ಒರಗುಕುರ್ಚಿಗಳನ್ನು ಸರಿಸಿ, ಗಾಲಿಕುರ್ಚಿಯನ್ನು ಸುತ್ತಿಸಿ ತರಬೇಕಾಯಿತು. ಎರಡೂ ಬದಿಯಲ್ಲಿ ಜಾಗವಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಬಟ್ಟೆಯ ವಿಷಯ ನಮ್ಮವರಿಗೆ ಮುಖ್ಯ. ನೈಟಿ, ಸೀರೆ, ಹತ್ತಿಯ ಚೂಡಿದಾರಕ್ಕೆ ಕೊಳದಲ್ಲಿ ಪ್ರವೇಶವಿಲ್ಲ. ಇದ್ದರೂ ತೊಡಬಾರದು, ಏಕೆಂದರೆ ನೆನೆದ ಹತ್ತಿ ಭಾರವಾಗಿ ಎಳೆಯುತ್ತದೆ, ಸಡಿಲವಾದ ಸೆರಗು ಯಂತ್ರದ ಸಂದಿಗೆ ಸಿಗುತ್ತದೆ. ಮಣಿಕಟ್ಟಿನಿಂದ ಪಾದದವರೆಗೆ ಮುಚ್ಚುವ ನೈಲಾನ್ ಈಜುಡುಗೆ ಬೆಂಗಳೂರಿನ ದೊಡ್ಡ ಕ್ರೀಡಾಮಳಿಗೆಗಳಲ್ಲೂ ಸಿಗುತ್ತದೆ. ಸೋತ ಕೈಗೆ ತೋಳು ಸೇರಿಸುವುದು ಕಷ್ಟವಾದ್ದರಿಂದ ಮುಂದೆ ಜಿಪ್ ಇರುವುದನ್ನೇ ಕೊಳ್ಳಿ. ಸ್ಪರ್ಶ ತಿಳಿಯದ ಪಾದಗಳಿಗೆ ನೀರಿನ ಬೂಟು ಬೇಕೇ ಬೇಕು: ಉಷ್ಣವಲಯದ ಬಿಸಿಲಿಗೆ ಕಾದ ಡೆಕ್ಕು ಸುಟ್ಟದ್ದು ಗೊತ್ತೇ ಆಗುವುದಿಲ್ಲ.

ಏಳನೆಯ ಹೆಜ್ಜೆ: ಹಡಗು ಹತ್ತಿದ ದಿನವೇ ಕೊಳದ ಬಳಿ ಹೋಗಿ

ಊಟಕ್ಕೆ ಹೋಗುವ ಮೊದಲು ಇದು ಮುಗಿಯಲಿ. ಹೊರಗಿನ ಡೆಕ್ಕಿಗೆ ಹೋಗುವ ಬಾಗಿಲಿನ ಹೊಸ್ತಿಲು ಎಷ್ಟು ಎತ್ತರ, ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆಯೇ, ಒರಗುಕುರ್ಚಿಗಳ ಸಾಲಿನ ನಡುವೆ ನಿಮ್ಮ ಕುರ್ಚಿ ತೂರುತ್ತದೆಯೇ ಎಂದು ನೋಡಿ. ಅನಂತರ ಪೂಲ್ ಲಿಫ್ಟಿನ ಮುಸುಕು ತೆಗೆಸಿ, ಖಾಲಿ ಆಸನವನ್ನೇ ಒಮ್ಮೆ ನೀರಿಗಿಳಿಸಿ ಮೇಲೆತ್ತಿ ತೋರಿಸುವಂತೆ ಕೇಳಿ. ಬ್ಯಾಟರಿ ತುಂಬಿಲ್ಲವೆಂದು ತಿಳಿಯುವುದಾದರೆ ಈ ದಿನವೇ ತಿಳಿಯಲಿ. ರಾತ್ರಿಯಿಡೀ ತುಂಬಲು ಸಮಯವಿರುತ್ತದೆ. ಆಸನದ ಪಟ್ಟಿ ಸರಿಯಾಗಿ ಸಿಕ್ಕಿಕೊಳ್ಳುತ್ತದೆಯೇ, ಪಾದ ಇಡುವ ಹಲಗೆ ಇದೆಯೇ, ತೋಳಿನಾಸರೆ ಮೇಲಕ್ಕೆ ಮಡಚುತ್ತದೆಯೇ ಎಂಬುದನ್ನು ಕೈಯಿಂದ ಮುಟ್ಟಿ ನೋಡಿ. ನಾಳೆ ಎಷ್ಟು ಗಂಟೆಗೆ ಬೇಕೆಂದು ಹೇಳಿ, ಒಪ್ಪಿದ ಸಿಬ್ಬಂದಿಯ ಹೆಸರನ್ನು ಬರೆದುಕೊಳ್ಳಿ.

ಯಾವ ಹೊತ್ತು ಒಳ್ಳೆಯದು? ಹಡಗು ಬಂದರಿನಲ್ಲಿ ಕಟ್ಟಿರುವ ಹೊತ್ತು. ಆಗ ಹಡಗು ಅಲುಗಾಡುವುದಿಲ್ಲ, ಮಿಕ್ಕವರು ಊರು ನೋಡಲು ಇಳಿದು ಹೋಗಿರುತ್ತಾರೆ, ಸಿಬ್ಬಂದಿಗೂ ಅವಸರವಿರುವುದಿಲ್ಲ. ಕೊಳಗಳಿರುವುದು ಮೇಲಿನ ಡೆಕ್ಕುಗಳಲ್ಲಿ. ಎತ್ತರಕ್ಕೆ ಹೋದಷ್ಟೂ ಹೊರಳಾಟ ಹೆಚ್ಚು. ಕಡಲು ಕೆರಳಿದ ದಿನ ಕೊಳದ ನೀರು ಒಂದು ಗೋಡೆಯಿಂದ ಇನ್ನೊಂದಕ್ಕೆ ಅಪ್ಪಳಿಸುವುದನ್ನು ನೋಡಿದವರು, ಬಲೆ ಹಾಕಿ ಮುಚ್ಚಿದರೆಂದು ಸಿಬ್ಬಂದಿಯ ಜೊತೆ ಜಗಳಕ್ಕೆ ಹೋಗುವುದಿಲ್ಲ. ನಾಲ್ಕು ದಿನದ ಪ್ರಯಾಣದಲ್ಲಿ ಒಂದು ದಿನ ಹೀಗೆ ಹೋಗಬಹುದೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಎಂಟನೆಯ ಹೆಜ್ಜೆ: ಇಳಿಯುವುದು, ಮುಖ್ಯವಾಗಿ ಮೇಲೆ ಬರುವುದು

ಗಾಲಿಕುರ್ಚಿಯ ಎರಡೂ ಬ್ರೇಕ್ ಹಾಕಿ, ಪಾದದ ಹಲಗೆ ಮಡಚಿ, ಜರುಗಿ ಕುಳಿತ ಮೇಲೆ ಮೊದಲು ಪಟ್ಟಿ ಬಿಗಿಯಿರಿ. ತೋಳು ನೀರಿನ ಕಡೆಗೆ ತಿರುಗುವಾಗ ಮಂಡಿಗಳು ಕೊಳದ ಅಂಚಿಗೆ ತಾಗದಂತೆ ಒಬ್ಬರು ಕಾಲು ಹಿಡಿದಿರಬೇಕು. ಇನ್ನೊಬ್ಬರು ಆಗಲೇ ನೀರಿನಲ್ಲಿ, ಆಸನದ ಎದುರು ನಿಂತಿರಬೇಕು. ನೀರು ಎದೆಯ ಹತ್ತಿರ ಬಂದು, ಉಸಿರು ಒಂದು ಹದಕ್ಕೆ ಬಂದ ಮೇಲಷ್ಟೇ ಪಟ್ಟಿ ಬಿಚ್ಚುವುದು. ಲಕ್ವ ಹೊಡೆದವರ ದೇಹ ನೀರಿನಲ್ಲಿ ಒಂದು ಕಡೆಗೆ ಉರುಳಲು ನೋಡುತ್ತದೆ, ಬೆನ್ನುಹುರಿಯ ಪೆಟ್ಟಾದವರ ಕಾಲುಗಳು ತಾವಾಗಿ ತೇಲಿ ಮೇಲೆ ಬರುತ್ತವೆ. ಎರಡಕ್ಕೂ ಮೊದಲ ಐದು ನಿಮಿಷ ಕುತ್ತಿಗೆಯ ಕೆಳಗೆ ಒಂದು ಕೈ ಇಟ್ಟುಕೊಂಡಿರಬೇಕಾಗುತ್ತದೆ.

ಸೊಂಟದ ಮಟ್ಟದ ನೀರಿನಲ್ಲಿ ನಿಂತಾಗ ಕಾಲಿನ ಮೇಲೆ ಬೀಳುವುದು ದೇಹದ ಸುಮಾರು ಅರ್ಧ ಭಾರ ಮಾತ್ರ. ಡೆಕ್ಕಿನ ಮೇಲೆ ನಾಲ್ಕು ಹೆಜ್ಜೆಗೆ ಸುಸ್ತಾಗುವವರು ಅಲ್ಲಿ ಕಂಬಿ ಹಿಡಿದು ಉದ್ದಕ್ಕೂ ನಡೆಯುವುದು ಇದರಿಂದಲೇ. ಅಮ್ಮ ಮೂರನೆಯ ದಿನ ಬೆಳಿಗ್ಗೆ ಕಂಬಿಯನ್ನು ಬಲಗೈಯಲ್ಲಿ ಹಿಡಿದು ಆ ತುದಿಯಿಂದ ಈ ತುದಿಗೆ ಬಂದರು, ಸದಾ ಮುಷ್ಟಿ ಕಟ್ಟಿರುತ್ತಿದ್ದ ಎಡಗೈ ನೀರಿನ ಮೇಲೆ ಸ್ವಲ್ಪ ಬಿಚ್ಚಿಕೊಂಡು ಹಿಂದೆ ತೇಲುತ್ತಿತ್ತು. "ನೀರು ಉಪ್ಪು ಕಣೇ, ತುಂಗೆ ಅಲ್ಲ" ಎಂದು ಒಂದು ದೂರೂ ಬಂತು. ಹಡಗಿನ ಕೊಳಗಳಲ್ಲಿ ಹಲವು ಕಡಲನೀರು ತುಂಬಿದವು, ಕಣ್ಣಿಗೆ ಈಜುಕನ್ನಡಕ ಒಯ್ಯಿರಿ.

ಸುಸ್ತಾಗುವ ಮೊದಲೇ ಮೇಲೆ ಬರಬೇಕು, ಏಕೆಂದರೆ ನೀರು ಹೊತ್ತಿದ್ದ ಭಾರವೆಲ್ಲ ಆಸನ ಏರಿದಂತೆ ಮರಳಿ ಮೈಮೇಲೆ ಬೀಳುತ್ತದೆ, ರಕ್ತದೊತ್ತಡ ಇಳಿದು ಕೆಲವರಿಗೆ ತಲೆ ಸುತ್ತುತ್ತದೆ. ಆಸನ ಅರ್ಧ ಮೇಲೆ ಬಂದಾಗ ಎರಡು ನಿಮಿಷ ನಿಲ್ಲಿಸಲು ಸಿಬ್ಬಂದಿಗೆ ಮೊದಲೇ ಹೇಳಿಡಿ. ಮೊದಲ ಸಲಕ್ಕೆ 15 ನಿಮಿಷದ ನೀರು ಸಾಕು.

ಜಕೂಜಿ ಮತ್ತು ಕೆಲವು ಎಚ್ಚರಿಕೆಗಳು

ಬಿಸಿನೀರಿನ ತೊಟ್ಟಿಯ ನೀರು 40 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ನಡೆಸುವ ಹಡಗು ನೈರ್ಮಲ್ಯ ಕಾರ್ಯಕ್ರಮ ಹೇಳುತ್ತದೆ. ಆದರೆ 40 ಡಿಗ್ರಿ ಎಲ್ಲರಿಗೂ ಸಲ್ಲುವ ಬಿಸಿಯಲ್ಲ. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ದೇಹದ ತಾಪ ಹಿಡಿತದಲ್ಲಿರುವುದಿಲ್ಲ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವರಿಗೆ ಬಿಸಿಯಿಂದ ನಿಶ್ಶಕ್ತಿ ಏರುತ್ತದೆ, ಮಧುಮೇಹದಿಂದ ಪಾದದ ಸ್ಪರ್ಶ ಹೋದವರಿಗೆ ಸುಟ್ಟರೂ ತಿಳಿಯದು. ಇವರೆಲ್ಲ ವೈದ್ಯರನ್ನು ಕೇಳದೆ ಜಕೂಜಿಗೆ ಇಳಿಯಬಾರದು.

ಮೂತ್ರ ಹಿಡಿದಿಟ್ಟುಕೊಳ್ಳಲಾಗದವರ ಪ್ರಶ್ನೆ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ಡಯಾಪರ್ ತೊಡುವ ಮಕ್ಕಳನ್ನು ಸಾಮಾನ್ಯ ಕೊಳಕ್ಕೆ ಬಿಡಬಾರದೆಂಬುದು ಮೇಲಿನ ಕಾರ್ಯಕ್ರಮದ ನಿಯಮ, ಈಜಿನ ಡಯಾಪರ್ ತೊಟ್ಟ ದೊಡ್ಡವರಿಗೂ ಹಲವು ಕಂಪನಿಗಳು ಅದನ್ನೇ ಅನ್ವಯಿಸುತ್ತವೆ. ಕ್ಯಾತಿಟರ್ (ಮೂತ್ರದ ಕೊಳವೆ) ಹಾಕಿಕೊಂಡವರ ಬಗ್ಗೆ ಕಂಪನಿಯ ನಿಲುವನ್ನು ಮೊದಲ ಪತ್ರದಲ್ಲೇ ಕೇಳಿಬಿಡಿ, ವೈದ್ಯರ ಚೀಟಿಯೂ ಜೊತೆಗಿರಲಿ. ಹಾಸಿಗೆ ಹುಣ್ಣಾಗಲಿ ಆರದ ಗಾಯವಾಗಲಿ ಇದ್ದರೆ ಆ ಪ್ರಯಾಣದಲ್ಲಿ ಈಜು ಬೇಡ.

ಕೊಟ್ಟ ಮಾತು ನಡೆಯದಿದ್ದರೆ

ಕೊಳದ ಬಳಿಯ ಹುಡುಗನ ಮೇಲೆ ರೇಗುವುದರಿಂದ ಬ್ಯಾಟರಿ ತುಂಬುವುದಿಲ್ಲ; ಕೀಲಿಕೈ ಅವನ ಬಳಿ ಇರುವುದೂ ಇಲ್ಲ. ಅತಿಥಿ ಸೇವಾ ಕೌಂಟರಿಗೆ ಹೋಗಿ, ಮುದ್ರಿಸಿದ ಪತ್ರ ತೋರಿಸಿ, ಪ್ರವೇಶಸೌಲಭ್ಯದ ಹೊಣೆ ಹೊತ್ತ ಅಧಿಕಾರಿಯನ್ನು ಕೇಳಿ. ದೂರನ್ನು ಬರಹದಲ್ಲಿ ಕೊಟ್ಟು, ಕೊಟ್ಟ ಹೊತ್ತನ್ನು ಅದರ ಮೇಲೆಯೇ ನಮೂದಿಸಿ. ನಮಗೆ ಎರಡು ದಿನ "ನೋಡುತ್ತೇವೆ" ಎಂದವರು, ದೂರಿನ ಪತ್ರ ಕೊಟ್ಟ ಸಂಜೆಯೇ ಬೇರೆ ಬ್ಯಾಟರಿ ಹುಡುಕಿ ತಂದರು. ಕೊನೆಯವರೆಗೂ ಸರಿಹೋಗದಿದ್ದರೆ ಪೂಲ್ ಲಿಫ್ಟಿನ ಫೋಟೊ ತೆಗೆದುಕೊಂಡು, ಇಳಿದು ಬಂದ ಒಂದು ವಾರದೊಳಗೆ ಕಂಪನಿಗೆ ಬರೆಯಿರಿ.

ಪ್ರತಿ ಸಲ ಕೊಳದಿಂದ ಬಂದ ಮೇಲೆ ಗಾಲಿಕುರ್ಚಿಯನ್ನು ಸಿಹಿನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ದಿಂಬನ್ನು ಬಿಚ್ಚಿ ಒಣಗಿಸಿ, ಮುಂದಿನ ಚಿಕ್ಕ ಗಾಲಿಗಳ ಅಚ್ಚಿಗೆ ಒಂದೆರಡು ಹನಿ ಎಣ್ಣೆ ಬಿಡಬೇಕು. ಉಪ್ಪುನೀರು ಮೊದಲು ಹಿಡಿಯುವುದು ಆ ಚಿಕ್ಕ ಗಾಲಿಗಳನ್ನೇ. ಎಣ್ಣೆಯ ಚಿಕ್ಕ ಶೀಶೆಯನ್ನು ವಿಮಾನದ ಕೈಚೀಲದಲ್ಲಿ ಇಡದೆ ದೊಡ್ಡ ಪೆಟ್ಟಿಗೆಯಲ್ಲಿಡಿ.